ಹಪ್ಪಳದ ಕೇರಿಯ ಹವಾಮಾನ

ನಮ್ಮ ಊರಿನಲ್ಲಿ ಟಿವಿಯವರು ಹೇಳಿದಂತೆಯೇ ಮಳೆ ಬಿಸಿಲು ಆಗುತ್ತದೆ. ಹೊರಗಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ಬಾಯಿ ಬಿಡುವಂಥದ್ದು ಅದರಲ್ಲಿ ಏನಿದೆಯೋ ನನಗಂತೂ ಇಂದಿಗೂ ತಿಳಿದಿಲ್ಲ. ಸಂಜೆ ಏಳಕ್ಕೆ ವಾದಿರಾಜ ಮಾಸ್ತರರು ಊರಿನ ಚಾನೆಲ್ಲಿನಲ್ಲಿ ಕೋಟಿನ ಗುಂಡಿ ಹಾಕಿಕೊಂಡು ಕೂತು, ನಾಳೆ ಒಣ ಬಿಸಿಲು, ಮಧ್ಯಾಹ್ನದ ಮೇಲೆ ಸಣ್ಣ ಗಾಳಿ ಎಂದರೆ, ಮರುದಿನ ಒಣ ಬಿಸಿಲು, ಮಧ್ಯಾಹ್ನದ ಮೇಲೆ ಸಣ್ಣ ಗಾಳಿ. ಒಮ್ಮೆ ಬಾಯಿತಪ್ಪಿ ಮಳೆ ಎಂದವರು ತಿದ್ದಿಕೊಂಡು ಮೋಡ ಎಂದರು, ಮೋಡವೇ ಆಯಿತು. ಕೊನೆಗೆ ಹೇಳಿದ್ದೇ ನಿಲ್ಲುತ್ತದೆ ಎಂಬುದು ನಮ್ಮಲ್ಲಿ ಕೂಸಿಗೂ ಗೊತ್ತು. ಇನ್ನೊಮ್ಮೆ ಅವರಿಗೆ ಕೆಮ್ಮು ಹತ್ತಿ ಮಾತು ಅರ್ಧಕ್ಕೆ ನಿಂತುಹೋಯಿತು. ಮರುದಿನ ಮಧ್ಯಾಹ್ನದ ತನಕ ಬಿಸಿಲಿತ್ತು, ಆಮೇಲೆ ಏನೂ ಇರಲಿಲ್ಲ. ಬಿಸಿಲೂ ಅಲ್ಲ, ಮೋಡವೂ ಅಲ್ಲ, ಆಕಾಶ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ ನಿಂತಿತ್ತು. ಅವತ್ತು ದನಗಳು ಮೇಯಲಿಲ್ಲ. ಮಾಸ್ತರರಿಗೆ ಶುಂಠಿ ಕಷಾಯ ಕೊಂಡುಹೋಗಿ ಕೊಟ್ಟವರು ಊರಿನಲ್ಲಿ ಅರ್ಧಕ್ಕರ್ಧ ಮಂದಿ.

ನಾನು ಕಾಶವ್ವ. ನಮ್ಮ ಕೇರಿಗೆ ಹಪ್ಪಳದ ಕೇರಿ ಎಂದೇ ಹೆಸರು. ಉದ್ದಿನ ಹಪ್ಪಳ, ಅಕ್ಕಿ ಸಂಡಿಗೆ, ಶಾವಿಗೆ, ಕುರುಡಿಗೆ, ಏನು ಬೇಕು ಹೇಳಿ, ನಮ್ಮ ತಾರಸಿಗಳ ಮೇಲೆ ಒಣಗದ ಪದಾರ್ಥವೇ ಇಲ್ಲ. ಗಂಡ ತೀರಿಕೊಂಡ ವರ್ಷ ನನ್ನ ಕೈಗೆ ಲಟ್ಟಣಿಗೆ ಬಂತು. ಅಂದಿನಿಂದ ಯಾರ ಮುಂದೆಯೂ ಸೆರಗು ಒಡ್ಡದೆ ಬದುಕಿದ್ದೇನೆ. ಈ ಕೆಲಸಕ್ಕೆ ಬೇಕಾದ್ದು ಕೈ ಮತ್ತು ಬಿಸಿಲು. ಕೈ ನನ್ನದು, ಬಿಸಿಲು ಮಾಸ್ತರರದು. ಎರಡಕ್ಕೂ ಎಂದೂ ಕೊರತೆ ಬಿದ್ದಿರಲಿಲ್ಲ, ಆ ಪ್ರಸಾರ ಮಂಡಳಿಯವರು ನಮ್ಮ ಕೇರಿಗೆ ಕಾಲಿಡುವ ತನಕ.

ಯಾವ ಊರು, ಯಾವ ಕೇರಿ ಯಾವ ಚಾನೆಲ್ಲಿಗೆ ಸೇರಿದ್ದು ಎಂದು ತೀರ್ಮಾನಿಸುವುದು ಈ ಮಂಡಳಿ. ಅವರ ಮಾತಿನಲ್ಲಿ ಅದಕ್ಕೆ ಟಿವಿ ಮಾರುಕಟ್ಟೆ ಎನ್ನುತ್ತಾರೆ. ಮಾರುಕಟ್ಟೆ ಎಂದರೆ ಬದನೆಕಾಯಿ ಮಾರುವ ಜಾಗ ಎಂದುಕೊಂಡಿದ್ದವಳು ನಾನು. ಅದಲ್ಲವಂತೆ. ಒಂದು ಪಟ್ಟಣ, ಅದರ ಚಾನೆಲ್ಲುಗಳು, ಅವನ್ನು ನೋಡುವ ಸುತ್ತಲಿನ ಜನ, ಇಷ್ಟು ಸೇರಿ ಒಂದು ಮಾರುಕಟ್ಟೆ. ಅದರೊಳಗಿನ ಪ್ರತಿಯೊಂದು ಚಾನೆಲ್ಲನ್ನೂ ಅಲ್ಲಿಯ ಕೇಬಲ್ಲಿನವರು ಕಡ್ಡಾಯವಾಗಿ ಕೊಡಬೇಕು, ಬೇರೆ ಮಾರುಕಟ್ಟೆಯದನ್ನು ಕೊಡುವಂತಿಲ್ಲ. ಮಾರುಕಟ್ಟೆಯ ಗೆರೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಗೆ ಮಾಸ್ತರರ ಬಿಸಿಲೂ ಮುಗಿಯುತ್ತದೆ. ನಾವು ಇದರ ಬಗ್ಗೆ ಎಂದೂ ತಲೆ ಕೆಡಿಸಿಕೊಂಡವರಲ್ಲ. ನಮ್ಮ ಊರು, ನಮ್ಮ ಚಾನೆಲ್ಲು, ಇದರಲ್ಲಿ ಕೇಳುವುದೇನು ಎಂದುಕೊಂಡಿದ್ದೆವು.

ಯುಗಾದಿಯ ಮುಂದಿನ ವಾರ ಸಮೀಕ್ಷೆಯವರು ಬಂದರು. ಸಮುದ್ರದ ದಂಡೆಯ ಬಂದರಿನ ಊರಿನ ಹುಡುಗಿಯರು, ಒಳ್ಳೆಯ ಮಕ್ಕಳು, ಬಿಸಿಲಿಗೆ ಮುಖ ಕೆಂಪಗಾಗಿತ್ತು. ಯಾವ ಮನೆಯಲ್ಲಿ ಯಾವ ಚಾನೆಲ್ಲು ನೋಡುತ್ತಾರೆಂದು ಬರೆದುಕೊಳ್ಳುವುದು ಅವರ ಕೆಲಸ. ಈಗ ನಮ್ಮ ಕೇರಿಯ ರೀತಿಯನ್ನು ಹೇಳಬೇಕು. ಮನೆಗೆ ಬಂದವರಿಗೆ ಮೊದಲು ನೀರು ಬೆಲ್ಲ, ಆಮೇಲೆ ರಿಮೋಟು. ಬಂದವರು ಕೂತಿರುವಾಗ ನಮಗೆ ಬೇಕಾದ್ದನ್ನು ಹಚ್ಚಿಕೊಂಡು ನೋಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಯಾವ ಊರಿನವರಮ್ಮಾ ಎಂದು ಕೇಳಿದೆವು. ಬಂದರಿನ ಊರು ಎಂದರು. ಆಗ ಎರಡೂ ಊರಿನ ಚಾನೆಲ್ಲು ನಮಗೆ ಬರುತ್ತಿದ್ದವು, ಗೆರೆ ಇನ್ನೂ ಗಟ್ಟಿಯಾಗಿರಲಿಲ್ಲ, ಹವಾ ಮಾತ್ರ ಮಾಸ್ತರರದೇ. ಮನೆ ಮನೆಯಲ್ಲಿ ಅವರ ಊರಿನ ಚಾನೆಲ್ಲು ಹಚ್ಚಿ, ನೋಡಿಕೊಳ್ಳಿ ತಂಗಿ, ಊರು ಬಿಟ್ಟು ಬಂದಿದ್ದೀರಿ ಎಂದೆವು. ಅವರು ಬರೆದುಕೊಂಡರು. ಯಾವ ಚಾನೆಲ್ಲು ಚೆಂದ ಎಂದು ಕೇಳಿದಾಗ ಅವರ ಮುಖದ ಮುಂದೆಯೇ ನಮ್ಮದು ಚೆಂದ ಎನ್ನಲು ಬಾಯಿ ಬರುತ್ತದೆಯೇ? ನಿಮ್ಮದೇ ಚೆಂದ ಬಿಡಿ ಎಂದೆವು. ಅದನ್ನೂ ಬರೆದುಕೊಂಡರು. ಹೋಗುವಾಗ ಒಬ್ಬೊಬ್ಬರಿಗೂ ಹಪ್ಪಳ ಕಟ್ಟಿ ಕೊಟ್ಟೆವು.

ಕೆಲವು ತಿಂಗಳ ಮೇಲೆ ಆಜ್ಞೆ ಬಂತು. ಹಪ್ಪಳದ ಕೇರಿಯ ಜನ ಬಂದರಿನ ಊರಿನ ಚಾನೆಲ್ಲನ್ನೇ ನೋಡುತ್ತಾರೆಂದು ರುಜುವಾತಾದ್ದರಿಂದ ಈ ಕೇರಿ ಇನ್ನು ಮುಂದೆ ಆ ಊರಿನ ಮಾರುಕಟ್ಟೆಗೆ ಸೇರಿದ್ದು. ಎದುರು ಸಾಲಿನವರು ದೊಡ್ಡ ರಸ್ತೆಯ ಕಡೆ ಬಾಗಿಲು ಇದ್ದವರು, ಸಮೀಕ್ಷೆಯಲ್ಲಿ ಬೇರೆ ಬೀದಿಯ ಲೆಕ್ಕ, ಅವರು ಹಳೆಯದರಲ್ಲಿಯೇ ಉಳಿದರು. ಗೆರೆ ರಸ್ತೆಯ ನಟ್ಟನಡುವೆ ಹಾದುಹೋಯಿತು. ಕೇಬಲ್ಲಿನ ದಾವಲಸಾಬ ಕಂಬ ಹತ್ತಿ ನಮ್ಮ ಮಾಸ್ತರರನ್ನು ಕಿತ್ತುಹಾಕಿದ. ನಾನು ಕೆಳಗೆ ನಿಂತು ಬಾಯಿಗೆ ಬಂದಂತೆ ಬೈದೆ. ಪಾಪ, ಅವನಾದರೂ ಏನು ಮಾಡಿಯಾನು, ಲೈಸೆನ್ಸು ಹೋಗುತ್ತದೆಂದು ಅಳುಮುಖ ಮಾಡಿದ.

ಮರುದಿನ ಬೆಳಿಗ್ಗೆ ಎದುರು ಸಾಲಿನಲ್ಲಿ ಒಣ ಬಿಸಿಲು, ನಮ್ಮ ಸಾಲಿನಲ್ಲಿ ಜಿನುಗು ಮಳೆ. ಮಳೆಯಲ್ಲಿ ಉಪ್ಪಿನ ವಾಸನೆ. ಬಂದರಿನ ಊರಿನ ಚಾನೆಲ್ಲಿನ ಹುಡುಗಿ ದಿನಾ ಸಂಜೆ ಏಳಕ್ಕೆ ನಗುನಗುತ್ತಾ ತುಂತುರು, ತೇವ, ಸಮುದ್ರದ ಗಾಳಿ ಎನ್ನುತ್ತಿದ್ದಳು. ಅವಳ ಊರಿಗೆ ಅದೇ ಬೇಕು, ಅವಳ ತಪ್ಪಲ್ಲ. ತರಕಾರಿಯ ಗಾಡಿಯವನು ಗೆರೆಯ ಮೇಲೆ ಗಾಡಿ ನಿಲ್ಲಿಸಿ ಕೊತ್ತಂಬರಿಯನ್ನು ನಮ್ಮ ಕಡೆ, ಈರುಳ್ಳಿಯನ್ನು ಆ ಕಡೆ ಜೋಡಿಸಿದ. ಶಾಲೆಗೆ ಹೋಗುವ ಮಕ್ಕಳು ಒಂದು ಕಾಲು ಮಳೆಯಲ್ಲಿ, ಒಂದು ಕಾಲು ಬಿಸಿಲಿನಲ್ಲಿ ಇಟ್ಟುಕೊಂಡು ನಡೆದರು. ಬಾಗಿಲುಗಳು ಉಬ್ಬಿ ಹಾಕಲು ಬಾರದಾದವು. ಎಲ್ಲವೂ ಒಂದು ವಾರದ ತಮಾಷೆ. ಆಮೇಲೆ ಹಪ್ಪಳದ ಅಂಚಿನಲ್ಲಿ ಹಸಿರು ಬೂಸಲು ಕಂಡಿತು, ತಮಾಷೆ ಮುಗಿಯಿತು.

ಎದುರು ಸಾಲಿನ ನೀಲವ್ವ ನನ್ನ ಹಳೆಯ ಗೆಳತಿ. ತನ್ನ ತಾರಸಿ ಬಿಟ್ಟುಕೊಟ್ಟಳು. ಒದ್ದೆ ಹಪ್ಪಳದ ಮೊರಗಳನ್ನು ತಲೆಯ ಮೇಲೆ ಹೊತ್ತು ಪ್ಲಾಸ್ಟಿಕ್ಕು ಹೊದಿಸಿ ರಸ್ತೆ ದಾಟಿ ಅವಳ ಮೆಟ್ಟಿಲು ಹತ್ತುತ್ತಿದ್ದೆವು. ಮೊದಲು ಚಹ ಕೊಟ್ಟಳು. ಆಮೇಲೆ ಚಹ ನಿಂತಿತು. ಆಮೇಲೆ ಅವಳ ಸೊಸೆ ತಾರಸಿಯ ತುಂಬ ಹಾಸಿಗೆ ಹರವಿ, ಇವತ್ತು ಜಾಗವಿಲ್ಲ ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ತಾರಸಿ ಅವಳದು, ಬಿಸಿಲು ಅವಳದು. ಸಿಟ್ಟು ಬಂದದ್ದು ನನ್ನ ಮೇಲೆಯೇ, ಮೆಟ್ಟಿಲು ಇಳಿಯುವಾಗ ನಾನು ತಲೆ ತಗ್ಗಿಸಿದ್ದೆ. ಇಷ್ಟು ವರ್ಷ ಬದುಕಿದ್ದು ಹೀಗೆ ತಲೆ ತಗ್ಗಿಸುವುದಕ್ಕೇನು?

ನಮ್ಮ ಮಾಲು ಕೊಳ್ಳುವ ಪೇಟೆಯ ಶೆಟ್ಟರು ಬುಟ್ಟಿ ವಾಪಸು ಕಳಿಸಿದರು. ಸಂಕ್ರಾಂತಿಯ ತನಕ ನೋಡುತ್ತೇನೆ, ಆಮೇಲೆ ಯಂತ್ರದಲ್ಲಿ ಒಣಗಿಸಿದ್ದನ್ನೇ ತರಿಸುತ್ತೇನೆ ಎಂದು ಹೇಳಿ ಕಳಿಸಿದರು. ಕೇರಿಯ ಕೆಲವರು ಎದುರು ಸಾಲಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಹುಡುಕಿದರು. ನನ್ನ ಜೊತೆ ಹಿಟ್ಟು ಕುಟ್ಟುವ ರುದ್ರವ್ವ, ಇನ್ನೂ ಚಿಕ್ಕ ವಯಸ್ಸು, ಕಂಕುಳಲ್ಲಿ ಒಂದು, ನೆಲದ ಮೇಲೆ ಒಂದು, ಅವಳೂ ಗಂಟು ಕಟ್ಟಲು ನೋಡಿದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಬಿಸಿಲು ನಮ್ಮ ಮನೆಗೆ ಬರಬೇಕೇ ಹೊರತು ನಾವು ಬಿಸಿಲಿನ ಮನೆಗೆ ಬಾಡಿಗೆಗೆ ಹೋಗುವುದಲ್ಲ ಎಂದೆ. ಮಾತೇನೋ ಆಡಿದೆ. ಬಿಸಿಲು ತರುವುದು ಹೇಗೆಂದು ನನಗೂ ಗೊತ್ತಿರಲಿಲ್ಲ.

ನಮ್ಮನ್ನು ಮಾಸ್ತರರ ಚಾನೆಲ್ಲಿಗೇ ಮರಳಿಸಿ ಎಂದು ಅರ್ಜಿ ಹಾಕಿದೆವು. ವಿಚಾರಣೆಗೆ ಮಂಡಳಿಯ ಅಧಿಕಾರಿ ಗಾಂವ್ಕರ್ ಸಾಹೇಬರು ಬಂದು ನನ್ನ ಪಡಸಾಲೆಯಲ್ಲಿಯೇ ಕೂತರು. ಸಣ್ಣ ಪ್ರಾಯ, ನಯವಾದ ಮಾತು, ಹೆಗಲ ಮೇಲೆ ಒದ್ದೆ ಕೊಡೆ. ಇಂಥ ಅರ್ಜಿಗಳಲ್ಲಿ ತಾವು ನೋಡುವುದೇನೆಂದು ಅವರು ಸಮಾಧಾನದಿಂದ ತಿಳಿಸಿ ಹೇಳಿದರು. ಆ ಚಾನೆಲ್ಲು ಈ ಕೇರಿಯ ಕೇಬಲ್ಲಿನಲ್ಲಿ ಬರುತ್ತಿದೆಯೇ, ಈ ಕೇರಿಯ ಸುದ್ದಿ ಹೇಳುತ್ತದೆಯೇ, ಕೇರಿಯ ಜನ ಅದನ್ನು ನೋಡುತ್ತಾರೆಯೇ. ಬರುತ್ತಿಲ್ಲ, ನೀವೇ ಕೀಳಿಸಿದಿರಿ ಎಂದೆವು. ಬರುತ್ತಿಲ್ಲ ಎಂದು ಬರೆದುಕೊಂಡರು. ನೋಡುತ್ತೀರಾ ಎಂದರು. ಬಾರದ್ದನ್ನು ನೋಡುವುದು ಹೇಗೆ ಎಂದೆವು. ನೋಡುವುದಿಲ್ಲ ಎಂದು ಬರೆದುಕೊಂಡರು. ಬಂದವರಿಗೆ ರಿಮೋಟು ಕೊಡುವ ನಮ್ಮ ರೀತಿಯನ್ನು ರುದ್ರವ್ವ ವಿವರಿಸಿದಳು. ಅವರು ತಲೆದೂಗಿ, ಬಹಳ ಒಳ್ಳೆಯ ಪದ್ಧತಿ, ಆದರೆ ಸಮೀಕ್ಷೆಯಲ್ಲಿ ಅದಕ್ಕೆ ಜಾಗವಿಲ್ಲ ಎಂದರು.

ನನಗೆ ರೇಗಿಹೋಯಿತು. "ನೋಡಂಗಿಲ್ಲ ಅಂತ ಕೊಡಂಗಿಲ್ಲ, ಕೊಡಂಗಿಲ್ಲ ಅಂತ ನೋಡಂಗಿಲ್ಲ. ಇದು ಯಾವ ನ್ಯಾಯ ರೀ ಸಾಹೇಬ್ರ?" ಎಂದೆ.

ಅವರು ಬೇಸರಪಟ್ಟುಕೊಳ್ಳಲಿಲ್ಲ. ನಿಯಮ ಎಲ್ಲರಿಗೂ ಒಂದೇ ಎಂದರು. ಬಂದರಿನ ಊರಿನ ಮಾರುಕಟ್ಟೆಯೊಳಗೆ ಎಷ್ಟೇ ಸಣ್ಣ ಚಾನೆಲ್ಲಿರಲಿ, ಒಂದು ಕೋಣೆಯಲ್ಲಿ ನಡೆಯುವುದಿರಲಿ, ಅದನ್ನು ಇಡೀ ಮಾರುಕಟ್ಟೆಯ ಕೇಬಲ್ಲಿನವರು ಕೊಡಲೇಬೇಕು, ದೊಡ್ಡವರು ಸಣ್ಣವರು ಎಂಬ ಭೇದ ಮಂಡಳಿಗಿಲ್ಲ ಎಂದು ಹೆಮ್ಮೆಯಿಂದ ಹೇಳಿ, ಚಹ ಕುಡಿದು, ಅರ್ಜಿ ವಜಾ ಮಾಡಿ ಎದ್ದರು. ಅವರ ಕಾರು ಹೋದ ಮೇಲೂ ನಾನು ಹೊಸ್ತಿಲ ಮೇಲೆ ಕೂತೇ ಇದ್ದೆ. ಎಷ್ಟೇ ಸಣ್ಣ ಚಾನೆಲ್ಲಿರಲಿ. ಇಡೀ ಮಾರುಕಟ್ಟೆ. ಕೊಡಲೇಬೇಕು. ಈಗ ನಮ್ಮ ಕೇರಿ ಯಾವ ಮಾರುಕಟ್ಟೆಯೊಳಗಿದೆ? ಬಂದರಿನ ಊರಿನದು. ಎಲಾ ಇವರ, ಎಂದುಕೊಂಡೆ. ತಿಂಗಳುಗಳ ಮೇಲೆ ಅವತ್ತು ಮೊದಲ ಸಲ ನನಗೆ ನಗು ಬಂತು.

ದಾವಲಸಾಬನ ಹತ್ತಿರ ಮದುವೆಗಳಲ್ಲಿ ತೆಗೆಯುವ ಕ್ಯಾಮೆರಾ ಇತ್ತು. ನಮ್ಮದೇ ಒಂದು ಚಾನೆಲ್ಲು ಹಾಕೋಣ ಎಂದೆ. ಮೊದಲು ಬೇಡವೆಂದು ಕೈಮುಗಿದ, ಆಮೇಲೆ ನಿಯಮದ ಪುಸ್ತಕ ತಂದು ತಾನೇ ಓದಿದ, ಆಮೇಲೆ ಅವನಿಗೂ ಹುಮ್ಮಸ್ಸು ಬಂತು. ಮಾಸ್ತರರನ್ನು ಕಿತ್ತ ಕೈಯಿಂದಲೇ ನಮ್ಮನ್ನು ಹಚ್ಚುವ ಯೋಗ ಬಂತಲ್ಲ ಎಂದು ಅವನ ಸಂತೋಷ. ನನ್ನ ಹಿಟ್ಟಿನ ಕೋಣೆಯೇ ಸ್ಟುಡಿಯೋ. ಗೋಡೆಗೆ ರುದ್ರವ್ವನ ಹಸಿರು ಸೀರೆ. ಕೇರಿಯ ಹೆಂಗಸರು ಕೂತು ಹಿಟ್ಟು ನಾದುವುದನ್ನೂ ಜಗಳ ಆಡುವುದನ್ನೂ ಸಂಜೆ ಒಂದು ಗಂಟೆ ಕಾಲ ತೋರಿಸುವುದೆಂದು ಗೊತ್ತು ಮಾಡಿದೆವು. ನೋಂದಣಿಯ ಕಾಗದ ಮಂಡಳಿಗೆ ಹೋಯಿತು. ಯಾರೋ ಗುಮಾಸ್ತರು ಓದದೆ ಮುದ್ರೆ ಒತ್ತಿರಬೇಕು, ಬಲುಬೇಗ ವಾಪಸು ಬಂತು. ಬಂದರಿನ ಊರಿನ ಮನೆಮನೆಯಲ್ಲಿ, ದೊಡ್ಡ ದೊಡ್ಡ ಚಾನೆಲ್ಲುಗಳ ನಡುವೆ, ನಮ್ಮ ಹಪ್ಪಳದ ಕೇರಿಯೂ ಬರತೊಡಗಿತು.

ಅವರ ಹುಡುಗಿ ಏಳಕ್ಕೆ ಹವಾಮಾನ ಹೇಳುತ್ತಿದ್ದಳು. ಕೊನೆಯ ಮಾತು ನನ್ನದಿರಲಿ ಎಂದು ನಾನು ಏಳೂವರೆಗೆ ಕೂತೆ. ಸೆರಗು ಮೂರು ಸಲ ಸರಿ ಮಾಡಿಕೊಂಡೆ. ನಾಳೆ ಒಣ ಬಿಸಿಲು ಎಂದೆ, ಅಷ್ಟೇ. ಮರುದಿನ ನಮ್ಮ ಕೇರಿಯ ಮೇಲೆ ಎಂಥ ಬಿಸಿಲು ಬಿತ್ತೆಂದರೆ, ತಾರಸಿಯ ಮೇಲೆ ನಿಂತು ನಾನು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಮಕ್ಕಳ ಹಾಗೆ ಅತ್ತೆ. ಆಮೇಲೆ ಚಾಪೆ ಹಾಸಿದೆವು. ಅದೇ ಬಿಸಿಲು ಬಂದರಿನ ಊರಿನ ಮೇಲೂ ಬಿದ್ದಿತ್ತು. ಅವತ್ತು ಅಲ್ಲಿಯವರು ಕೊಡೆ ಮನೆಯಲ್ಲಿ ಬಿಟ್ಟು ಸಮುದ್ರದ ದಂಡೆಗೆ ತಿರುಗಾಡಲು ಹೋದರಂತೆ. ಎರಡನೆಯ ದಿನವೂ ಖುಷಿಯಾಗಿದ್ದರಂತೆ. ಆಮೇಲೆ ಮಂಡಳಿಗೆ ದೂರು ಹೋಗತೊಡಗಿತು. ಹೋಗಲಿ ಎಂದೆ. ನಮ್ಮ ಬೂಸಲು ಹಿಡಿದ ಹಪ್ಪಳದ ವಾಸನೆ ಅವರ ಮೂಗಿಗೆ ಬಡಿದಿತ್ತೇನು? ನಮ್ಮ ಬೆಳ್ಳನೆಯ ಹಪ್ಪಳ ಮತ್ತೆ ಶೆಟ್ಟರ ಅಂಗಡಿಗೆ ಹೋಯಿತು.

ಹೀಗೆ ಹತ್ತು ಹದಿನೈದು ದಿನ ಕಳೆದಿರಬೇಕು. ಒಂದು ಸಂಜೆ ದಾವಲಸಾಬನ ಫೋನಿಗೆ ಬಂದರಿನ ಊರಿನಿಂದ ಒಬ್ಬ ಹೆಂಗಸಿನ ಕರೆ ಬಂತು. ಮೋಹಿನಿ ತಾಂಡೇಲ ಎಂದು ಹೆಸರು ಹೇಳಿದಳು. ಗಂಡ, ಮೈದುನ, ಎಲ್ಲರೂ ಮೀನು ಹಿಡಿಯುವವರು. ದುರಸ್ತಿಗೆಂದು ದೋಣಿಗಳನ್ನು ದಂಡೆಗೆ ಎಳೆದಿಟ್ಟಿದ್ದರು. ಕಟ್ಟಿಗೆಯ ದೋಣಿಗೆ ತೇವ ಇರಲೇಬೇಕಂತೆ. ನನ್ನ ಬಿಸಿಲಿಗೆ ಹಲಗೆಗಳು ಒಣಗಿ ಸಂದುಗಳು ಬಾಯಿ ಬಿಟ್ಟಿವೆ, ದಿನವಿಡೀ ಕೊಡದಲ್ಲಿ ನೀರು ಹೊತ್ತು ಹೊಯ್ದರೂ ಸಾಲುವುದಿಲ್ಲ ಎಂದಳು. ನಾನು ಮಂಡಳಿಯ ಕಥೆ ಹೇಳಲು ಹೋದೆ. ಅವಳು ಕೇಳಲಿಲ್ಲ.

"ನಿಮ್ಮ ಮೇಲೆ ಯಾರೋ ಮಳೆ ಹಾಕಿದ್ರು ಅಂತ ನೀವು ನನ್ನ ದೋಣಿ ಸೀಳೋದಾ? ನಾನು ನಿಮ್ಮ ಹಪ್ಪಳಕ್ಕೆ ಏನು ಮಾಡಿದ್ದೆ?" ಎಂದಳು.

ಜಗಳದಲ್ಲಿ ನನ್ನನ್ನು ಮೀರಿಸಿದವರು ಕೇರಿಯಲ್ಲಿಲ್ಲ. ಅವತ್ತು ಫೋನನ್ನು ದಾವಲಸಾಬನ ಕೈಗೆ ಕೊಟ್ಟುಬಿಟ್ಟೆ. ಅವಳು ಬೈದದ್ದು ಮಂಡಳಿಗೆ ನಾನು ಬೈದ ಹಾಗೆಯೇ ಇತ್ತು, ಒಂದು ಅಕ್ಷರ ಹೆಚ್ಚು ಕಡಿಮೆ ಇರಲಿಲ್ಲ. ನೆಟ್ಟಗೆ ಎದ್ದು ರಸ್ತೆ ದಾಟಿ ವಾದಿರಾಜ ಮಾಸ್ತರರ ಮನೆಗೆ ಹೋದೆ. ಅವಳ ಊರಿಗೆ ಮಳೆ, ನನ್ನ ಕೇರಿಗೆ ಬಿಸಿಲು, ಹೀಗೆ ಒಡೆದು ಹೇಳಿದರೆ ಏನಾಗುತ್ತದೆ ಎಂದು ಕೇಳಿದೆ. ಮಾಸ್ತರರು ಕನ್ನಡಕ ತೆಗೆದು ಒರೆಸಿದರು.

"ಹಂಗ ಯಾರೂ ಹೇಳಿಲ್ಲ ಕಾಶವ್ವ. ಮಾರುಕಟ್ಟಿ ಒಂದು, ಹವಾ ಒಂದು. ಒಡದು ಹೇಳಿದರ ಎರಡೂ ನಿಲ್ಲದ ಹೋದೀತು. ನನಗ ಕೆಮ್ಮು ಬಂದ ದಿನ ನೆನಪದ ಏನು?" ಎಂದರು. ಆ ಬಿಳಿ ಆಕಾಶ ಒಂದು ದಿನಕ್ಕೆ ಹೋಗುತ್ತದೋ, ಬಂದದ್ದು ಹಾಗೆಯೇ ಉಳಿದುಬಿಡುತ್ತದೋ, ಅದೂ ತಮಗೆ ಗೊತ್ತಿಲ್ಲ ಎಂದರು.

ವಾಪಸು ಬಂದರೆ ನನ್ನ ಪಡಸಾಲೆಯಲ್ಲಿ ಗಾಂವ್ಕರ್ ಸಾಹೇಬರು ಕೂತಿದ್ದರು. ಈ ಸಲ ಕೊಡೆ ಇರಲಿಲ್ಲ, ಮುಖ ಸುಟ್ಟು ಕಪ್ಪಾಗಿತ್ತು. ಕೇರಿಯ ಹೆಂಗಸರೆಲ್ಲ ಬಾಗಿಲಲ್ಲಿ ಕಿಕ್ಕಿರಿದಿದ್ದರು. ಸಾಹೇಬರು ಕಾಗದ ಮುಂದಿಟ್ಟರು. ಹಪ್ಪಳದ ಕೇರಿಯನ್ನು ಮಂಡಳಿ ನಮ್ಮ ಊರಿನ ಮಾರುಕಟ್ಟೆಗೆ ಮರಳಿ ಸೇರಿಸುತ್ತದೆ, ಮಾಸ್ತರರ ಚಾನೆಲ್ಲು ನಾಳೆಯಿಂದಲೇ ಬರುತ್ತದೆ. ಅದಕ್ಕೆ ಬದಲಾಗಿ ನಾನು ನನ್ನ ಚಾನೆಲ್ಲು ಮುಚ್ಚಬೇಕು, ಮುಂದೆ ಎಂದೂ ತೆರೆಯುವುದಿಲ್ಲವೆಂದು ಸಹಿ ಮಾಡಬೇಕು. ಅಷ್ಟೇ.

ಅಷ್ಟೇ ಎಂದರೆ ಅಷ್ಟೇ. ನಾವು ಕೇಳಿದ್ದು ಅದನ್ನೇ ಅಲ್ಲವೇ? ರುದ್ರವ್ವ ನನ್ನ ತೋಳು ಹಿಡಿದಳು. "ಸಹಿ ಹಾಕು ಯಕ್ಕಾ. ಮಾಸ್ತರ ಬಿಸಲು ಬಂದ್ರ ಸಾಕು ನಮಗ. ಆ ದೋಣಿಯವ್ವಗೂ ಮಳಿ ಬರ್ತೈತಿ" ಎಂದಳು. ಅವಳ ಮಾತು ಸುಳ್ಳಲ್ಲ. ನಾನು ಪೆನ್ನು ಕೈಗೆ ತೆಗೆದುಕೊಂಡೆ. ತೆಗೆದುಕೊಂಡವಳು ಸಾಹೇಬರನ್ನು ಒಂದು ಮಾತು ಕೇಳಿದೆ, ಇನ್ನೊಮ್ಮೆ ಸಮೀಕ್ಷೆಯವರು ಬಂದು ಇನ್ನೇನೋ ಬರೆದುಕೊಂಡರೆ ಏನು ಎಂದು. ಅವರು ಪ್ರಾಮಾಣಿಕ ಮನುಷ್ಯ, ಸುಳ್ಳು ಹೇಳಲಿಲ್ಲ. ಮೂರು ವರ್ಷಕ್ಕೊಮ್ಮೆ ಸಮೀಕ್ಷೆ ಇರುತ್ತದೆ, ಅದರಂತೆ ಗೆರೆ ಸರಿಯುತ್ತದೆ, ಈ ಕೇರಿಯದೂ ಆ ಊರಿನದೂ ಎಂದರು. ಆಗ ನಮ್ಮ ಕೈಯಲ್ಲಿ ಚಾನೆಲ್ಲು ಇರುವುದಿಲ್ಲ ಎಂದೆ. ಇರುವುದಿಲ್ಲ ಎಂದು ಒಪ್ಪಿಕೊಂಡರು.

ಪೆನ್ನು ಕೆಳಗಿಟ್ಟೆ. "ಮೂರು ವರ್ಷಕ್ಕೊಮ್ಮೆ ನಮ್ಮ ಬಿಸಲನ್ನ ನಿಮ್ಮ ಹತ್ರ ಒತ್ತಿ ಇಡಾಕ ನಾನು ತಯಾರಿಲ್ಲ ರೀ ಸಾಹೇಬ್ರ. ಅದು ನಿಮ್ಮದಲ್ಲ, ನೀವು ಕೊಡೂದಲ್ಲ, ಇಸಗೊಳ್ಳೂದಲ್ಲ. ಆ ತಾಂಡೇಲರ ಮಳಿನೂ ನಿಮ್ಮದಲ್ಲ" ಎಂದೆ.

ಬಾಗಿಲಲ್ಲಿ ಗುಜುಗುಜು ಎದ್ದಿತು. ರುದ್ರವ್ವ ಹಣೆ ಚಚ್ಚಿಕೊಂಡಳು. ಮಕ್ಕಳ ಅನ್ನದ ಮೇಲೆ ನಿನ್ನ ಹಟ ಸಾಧಿಸಬೇಡ ಎಂದು ಒಬ್ಬಳು, ನಿನಗೆ ಸೊಕ್ಕು ಬಂದಿದೆ ಎಂದು ಇನ್ನೊಬ್ಬಳು. ಸೊಕ್ಕು ಇದ್ದದ್ದು ನಿಜ, ಇಲ್ಲವೆನ್ನುವುದಿಲ್ಲ. ಹೆದರಿಕೆಯೂ ಇತ್ತು. ಮಾಸ್ತರರು ಹೇಳಿದಂತೆ ಎರಡೂ ನಿಲ್ಲದೆ ಹೋದರೆ ಕೇರಿಯ ಬಿಸಿಲನ್ನು ನನ್ನ ಕೈಯಾರೆ ಕಳೆದವಳಾಗುತ್ತಿದ್ದೆ, ಆಮೇಲೆ ಯಾವ ಮುಖ ಹೊತ್ತು ಈ ಹೆಂಗಸರ ನಡುವೆ ಬದುಕುವುದು? ಗಡಿಯಾರ ನೋಡಿದೆ. ಏಳೂವರೆಗೆ ಹೆಚ್ಚು ಹೊತ್ತಿರಲಿಲ್ಲ. ಸಾಹೇಬರು ಸಹಿಗಾಗಿ ಕಾದು ಕೂತೇ ಇದ್ದರು. ನೀವೂ ಬಂದು ನೋಡಿ ಎಂದು ಅವರನ್ನು ಹಿಟ್ಟಿನ ಕೋಣೆಗೆ ಕರೆದೆ.

ಹಸಿರು ಸೀರೆಯ ಮುಂದೆ ಕೂತೆ. ದಾವಲಸಾಬ ಕೈ ಎತ್ತಿದ. ನಾನು ಮಾಸ್ತರರ ಹಾಗೆ ಪುಸ್ತಕದ ಮಾತು ಆಡಲಿಲ್ಲ, ನನಗೆ ಬಂದದ್ದನ್ನೇ ಹೇಳಿದೆ.

"ನಾಳೆ ಬಂದರದ ಊರಿಗೆ ಜಿನುಗು ಮಳಿ, ತೇವದ ಗಾಳಿ. ದಂಡಿ ಮ್ಯಾಲ ಎಳದಿಟ್ಟ ದೋಣಿ ನೆನಿಯೂವಷ್ಟು, ತಾಂಡೇಲರ ಓಣಿಗೆ ಒಂದು ಕೈ ಜಾಸ್ತಿ. ಹಪ್ಪಳದ ಕೇರಿಗೆ ಒಣ ಬಿಸಲು. ಹಿಂಗ ನಾನು ಹೇಳಾಕತ್ತೀನಿ, ಕಾಶವ್ವ."

ಗಾಂವ್ಕರ್ ಸಾಹೇಬರು ಎದ್ದು ನಿಂತರು. ಒಂದು ಮಾರುಕಟ್ಟೆಗೆ ಎರಡು ಹವಾಮಾನ ಹೇಳುವಂತಿಲ್ಲ ಎಂದರು. ಎಲ್ಲಿ ಬರೆದಿದೆ ಎಂದೆ. ದಾವಲಸಾಬ ನಿಯಮದ ಪುಸ್ತಕ ತಂದು ಅವರ ಮುಂದೆ ಇಟ್ಟ. ಅವರು ಓದುತ್ತಾ ಕೂತರು. ಕೇರಿಯ ಹೆಂಗಸರು ತಮ್ಮ ತಮ್ಮ ಮನೆಗೆ ಹೋದರು. ರುದ್ರವ್ವ ಮಾತ್ರ ಉಳಿದು, ಮರುದಿನದ ಉದ್ದಿನ ಹಿಟ್ಟಿಗೆ ನೀರು ಹಾಕಲೋ ಬೇಡವೋ ಎಂದು ಕೇಳಿದಳು. ಹಾಕು ಎಂದೆ.

ಬೆಳಿಗ್ಗೆ ಎದ್ದಾಗ ಆಕಾಶ ಬೆಳ್ಳಗಿತ್ತು. ಆ ಕೆಮ್ಮಿನ ದಿನದ್ದೇ ಬಿಳುಪು. ಬಿಸಿಲೂ ಇಲ್ಲ, ಮೋಡವೂ ಇಲ್ಲ. ಕೇರಿಯ ಹೆಂಗಸರು ಬಾಗಿಲುಗಳಲ್ಲಿ ನಿಂತು ಮೇಲೆ ನೋಡುತ್ತಿದ್ದರು. ನಾನು ಹಸಿ ಹಪ್ಪಳದ ಮೊರ ಹೊತ್ತು ತಾರಸಿ ಹತ್ತಿದೆ. ಚಾಪೆ ಬಿಚ್ಚಿದೆ. ಬಿಸಿಲಿಲ್ಲದೆ ಹಪ್ಪಳ ಹಾಕುವುದು ಹುಚ್ಚುತನ ಎಂದು ನನಗೂ ಗೊತ್ತು. ಆದರೂ ಒಂದೊಂದಾಗಿ ಹಾಕುತ್ತಾ ಹೋದೆ, ಬಾಯಲ್ಲಿ ಬಿಸಿಲು ಬಿಸಿಲು ಎಂದುಕೊಳ್ಳುತ್ತಾ, ಯಾರಿಗೆ ಹೇಳುತ್ತಿದ್ದೆನೋ ದೇವರೇ ಬಲ್ಲ. ಅರ್ಧ ಚಾಪೆ ತುಂಬಿದ ಮೇಲೆ ಕತ್ತಿನ ಹಿಂದೆ ಬೆಚ್ಚಗಾಯಿತು. ತಲೆ ಎತ್ತಲು ಧೈರ್ಯ ಬರಲಿಲ್ಲ. ಹಪ್ಪಳದ ಮೇಲೆ ನನ್ನ ಕೈಯ ನೆರಳು ಬಿದ್ದಿತ್ತು, ಮೊದಲು ತೆಳುವಾಗಿ, ಆಮೇಲೆ ಕಪ್ಪಗೆ.

ಕೆಳಗೆ ರುದ್ರವ್ವ ಕೂಗಿದ್ದು ಕೇಳಿತು. ಒಂದೊಂದೇ ತಾರಸಿಯ ಮೇಲೆ ಚಾಪೆಗಳು ಬಿಚ್ಚಿಕೊಂಡವು. ಸ್ವಲ್ಪ ಹೊತ್ತಿಗೆ ದಾವಲಸಾಬ ಫೋನು ಹಿಡಿದು ಮೆಟ್ಟಿಲು ಹತ್ತಿ ಬಂದ. ಆ ಕಡೆ ಮೋಹಿನಿ ತಾಂಡೇಲ. ಅವಳ ಮಾತಿಗಿಂತ ಮೊದಲು ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಕೇಳಿತು. ಒಂದು ಕೈ ಜಾಸ್ತಿಯೇ ಆಯಿತು, ನಾಳೆ ಸ್ವಲ್ಪ ಕಡಿಮೆ ಹೇಳಿ, ಅಡುಗೆಮನೆ ಸೋರುತ್ತಿದೆ ಎಂದಳು. ಅವಳ ಪಕ್ಕದ ಓಣಿಯ ಉಪ್ಪು ಒಣಗಿಸುವವರು ಬಿಸಿಲು ಕೇಳುತ್ತಿದ್ದಾರೆ, ಫೋನು ನಂಬರು ಕೊಡಲೇ ಎಂದೂ ಕೇಳಿದಳು. ಕೊಡು ತಾಯಿ ಎಂದೆ.

ಗಾಂವ್ಕರ್ ಸಾಹೇಬರು ರಾತ್ರಿ ಉಳಿದಿದ್ದ ಲಾಡ್ಜಿನಿಂದ ಬಂದು ರಸ್ತೆಯಲ್ಲಿ ನಿಂತಿದ್ದರು. ನಕ್ಷೆಯನ್ನು ಕಾರಿನ ಮೇಲೆ ಹರವಿ, ಪೆನ್ನು ಹಿಡಿದು, ಒಮ್ಮೆ ನಮ್ಮ ಸಾಲು, ಒಮ್ಮೆ ಎದುರು ಸಾಲು ನೋಡುತ್ತಿದ್ದರು. ಎಲ್ಲಿ ಗೆರೆ ಎಳೆದರೂ ಬಿಸಿಲು ಅದನ್ನು ದಾಟಿ ಬಿದ್ದಿತ್ತು. ನಾನು ಕೆಳಗಿಳಿದು ಹತ್ತಿರ ಹೋದೆ. ಅವರು ನಯವನ್ನೆಲ್ಲ ಬದಿಗಿಟ್ಟು, ಮಂಡಳಿ ಸುಮ್ಮನೆ ಕೂರುವುದಿಲ್ಲ, ಹೊಸ ನಿಯಮ ಮಾಡಿಸಿ ಪೊಲೀಸರನ್ನು ಕರೆದುಕೊಂಡು ಬಂದು ನಿಮ್ಮ ಕೋಣೆಗೆ ಬೀಗ ಹಾಕುತ್ತೇನೆ ಎಂದರು. ಕೇರಿಯ ಹೆಂಗಸರೆಲ್ಲ ತಾರಸಿಗಳ ಅಂಚಿಗೆ ಬಂದು ನಿಂತಿದ್ದರು, ಹಿಟ್ಟು ಮೆತ್ತಿದ ಕೈಗಳಲ್ಲೇ. ನಾನು ಈ ಸಲ ತಲೆ ತಗ್ಗಿಸಲಿಲ್ಲ.

"ಬರ್ರಿ ಸಾಹೇಬ್ರ, ಅಗತ್ಯ ಬರ್ರಿ" ಎಂದೆ. "ಆದರ ಬರೋದಾದ್ರ ಹಿಂದಿನ ದಿನ ಸಂಜೀ ಏಳೂವರಿ ಒಳಗ ತಿಳಸ್ರಿ. ನೀವು ಬರೋ ದಾರಿಗೆ ಏನು ಹೇಳಬೇಕು ಅನ್ನೂದು ನನಗ ಗೊತ್ತಾಗಬೇಕಲ್ಲ."